ಅಡ್ರಿನಲಿನ್ ಜಗಲಿ ದಾಟುವುದಿಲ್ಲ

ಪ್ರಶ್ನೆ: ಕಳೆದ ವಾರ ಬೆಳಗಿನ ವಾಕಿಂಗ್ ಹೊತ್ತಿಗೆ ಬೀದಿನಾಯಿಯೊಂದು ಅಟ್ಟಿಸಿಕೊಂಡು ಬಂತು. ಐವತ್ತೆರಡರ ಈ ವಯಸ್ಸಿನಲ್ಲಿ ಅಷ್ಟು ಜೋರಾಗಿ ಓಡಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ಮನೆಗೆ ಬಂದು ಹೇಳಿದರೆ, ಪಿಯುಸಿ ಓದುವ ಮಗಳು ‘ಅದೆಲ್ಲಾ ಅಡ್ರಿನಲಿನ್ ಮಾಡಿಸಿದ್ದು ಅಪ್ಪಾ. ಆದ್ರೆ ಅದು ಜೀವಕೋಶದ ಒಳಗೆ ಹೋಗೋದೇ ಇಲ್ಲ, ಹೊರಗೇ ನಿಂತು ಕೆಲಸ ಮಾಡಿಸುತ್ತೆ’ ಅಂದಳು. ಒಳಗೇ ಹೋಗದ ವಸ್ತು ಒಳಗಿನ ಕೆಲಸ ಮಾಡಿಸುವುದು ಹೇಗೆ? ಇನ್ನೊಂದು ಸಣ್ಣ ಅನುಮಾನ: ಹತ್ತು ಹದಿನೈದು ನಿಮಿಷದಲ್ಲಿ ಎದೆಬಡಿತ ತಾನಾಗಿ ಇಳಿಯಿತಲ್ಲ, ಅದನ್ನು ಇಳಿಸಿದ್ದು ಯಾರು?
– ಓದುಗರೊಬ್ಬರು, ಸಾಗರ

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ. ಅಡ್ರಿನಲಿನ್ ನೀರಿಗೆ ಒಗ್ಗಿದ ಅಣು. ಜೀವಕೋಶದ ಪೊರೆಯೋ ಎಣ್ಣೆಯ ಜಾತಿ. ತಿಳಿಸಾರಿನ ಮೇಲೆ ತೇಲುವ ಒಗ್ಗರಣೆಯ ಎಣ್ಣೆಯನ್ನು ನೋಡಿದವರಿಗೆ ಇವೆರಡರ ನಂಟು ಎಂಥದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ. ಪೊರೆಯ ದಪ್ಪ ಹತ್ತು ನ್ಯಾನೋಮೀಟರ್ ಕೂಡ ಇಲ್ಲ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲೊಂದು ಪಾಲು ಒಂದು ನ್ಯಾನೋಮೀಟರ್. ಅಷ್ಟು ತೆಳುವಾದರೂ ಅಡ್ರಿನಲಿನ್ ಪಾಲಿಗೆ ಅದು ಗೋಡೆಯೇ.

ನಮ್ಮ ಕಡೆಯ ಹಳೇ ಮನೆಗಳಲ್ಲಿ ಬಂದವರು ಜಗಲಿಯಲ್ಲೇ ಕೂರುತ್ತಿದ್ದರು. ಅಡುಗೆಮನೆಯವರೆಗೆ ಹೋಗುತ್ತಿದ್ದುದು ಅವರು ಬಂದ ಸುದ್ದಿ ಮಾತ್ರ. ಬಾಗಿಲಲ್ಲಿ ನಿಂತ ಹುಡುಗ ನಡುಮನೆಗೆ ಕೂಗಿ ಹೇಳುತ್ತಿದ್ದ, ನಡುಮನೆಯವರು ಒಲೆಯ ಮುಂದಿದ್ದವರಿಗೆ ಹೇಳುತ್ತಿದ್ದರು, ಸ್ವಲ್ಪ ಹೊತ್ತಿಗೆ ಕಾಫಿ ಹೊರಗೆ ಬರುತ್ತಿತ್ತು. ಜೀವಕೋಶದಲ್ಲಿ ಹೀಗೆ ಒಬ್ಬರಿಂದೊಬ್ಬರಿಗೆ ದಾಟಿಸುವವರು ಪ್ರೋಟೀನುಗಳು. ಆದರೆ ಪ್ರೋಟೀನಿಗೆ ಬಾಯಿಲ್ಲ, ಕಿವಿಯಿಲ್ಲ. ಇರುವುದು ಮೈ ಒಂದೇ. ತನ್ನ ಮೈಯ ಆಕಾರ ಬದಲಾದಾಗ ಪಕ್ಕದ ಪ್ರೋಟೀನಿನ ಆಕಾರವನ್ನೂ ಬದಲಿಸುವುದು, ಇದೇ ಅವುಗಳ ಭಾಷೆ. ನೀವು ನಾಯಿಗೆ ಹೆದರಿ ಓಡಿದ ಆ ಎರಡು ನಿಮಿಷದಲ್ಲಿ ಈ ಭಾಷೆ ನಿಮ್ಮ ಮೈಯೊಳಗೆ ಎಲ್ಲೆಲ್ಲಿ ಹೇಗೆ ಸಾಗಿತು ಎಂದು ಹಿಂದೆಯೇ ಹೋಗಿ ನೋಡೋಣ.

ಏಳು ಹೊಲಿಗೆಯ ಪ್ರೋಟೀನು

ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕೂತ ಎರಡು ಗ್ರಂಥಿಗಳಿವೆ. ನಾಯಿ ಕಂಡ ಕೂಡಲೇ ಮಿದುಳಿನಿಂದ ನರಗಳ ಮೂಲಕ ಅವಕ್ಕೆ ಅಪ್ಪಣೆ ಬಂತು. ಅವು ಅಡ್ರಿನಲಿನ್ ಅನ್ನು ರಕ್ತಕ್ಕೆ ಸುರಿದವು. ರಕ್ತದ ಜೊತೆ ಅದು ತೊಡೆಯ ಸ್ನಾಯುವಿಗೂ ಬಂತು, ಲಿವರಿಗೂ ಬಂತು. ಅಲ್ಲಿನ ಜೀವಕೋಶಗಳ ಪೊರೆಯಲ್ಲಿ ಅದಕ್ಕೆಂದೇ ಕಾದಿರುವ ಪ್ರೋಟೀನುಗಳಿವೆ. ಅವಕ್ಕೆ ಗ್ರಾಹಿಗಳು ಎನ್ನುತ್ತಾರೆ, ಮಗಳ ಪುಸ್ತಕದಲ್ಲಿ ರಿಸೆಪ್ಟರ್ ಎಂದಿರುತ್ತದೆ. ಇಂಥ ಗ್ರಾಹಿಗಳಲ್ಲಿ ವಿಜ್ಞಾನಿಗಳು ಬಹಳ ಆಳವಾಗಿ ಅಭ್ಯಾಸ ಮಾಡಿರುವುದು ‘ಬೀಟಾ-2’ ಎಂಬುದನ್ನು.

ಬೀಟಾ-2 ಎಂದರೆ 413 ಅಮೈನೋ ಆಮ್ಲಗಳನ್ನು ಪೋಣಿಸಿದ ಒಂದೇ ಸರ. ಕೌದಿ ಹೊಲಿಯುವವರ ದಾರದಂತೆ ಅದು ಪೊರೆಯನ್ನು ಏಳು ಸಲ ತೂರಿ ಹೋಗಿದೆ. ಏಳು ಬೆಸಸಂಖ್ಯೆಯಲ್ಲವೇ? ಹಾಗಾಗಿ ಹೊರಗೆ ಶುರುವಾದ ದಾರದ ಕೊನೆ ಒಳಗೆ ಉಳಿಯುತ್ತದೆ. ಒಂದೇ ಪ್ರೋಟೀನು ಜಗಲಿಯಲ್ಲೂ ಇದೆ, ನಡುಮನೆಯಲ್ಲೂ ಇದೆ. ಇಡೀ ವ್ಯವಸ್ಥೆ ನಿಂತಿರುವುದು ಈ ಒಂದು ಅನುಕೂಲದ ಮೇಲೆ.

ಬಟ್ಟೆ ಒಣಹಾಕುವಾಗ ಸಿಕ್ಕಿಸುವ ಕ್ಲಿಪ್ಪನ್ನು ನೆನೆಸಿಕೊಳ್ಳಿ. ಒಂದು ತುದಿಯನ್ನು ಎರಡು ಬೆರಳಲ್ಲಿ ಒತ್ತಿದರೆ ಇನ್ನೊಂದು ತುದಿ ಬಾಯಿ ಬಿಡುತ್ತದೆ. ಬೀಟಾ-2 ಕೆಲಸವೂ ಹೆಚ್ಚುಕಡಿಮೆ ಹೀಗೆಯೇ. ಹೊರಗಡೆ, ಏಳು ಹೊಲಿಗೆಗಳ ನಡುವಿನ ಕುಳಿಯಲ್ಲಿ ಅಡ್ರಿನಲಿನ್ ಬಂದು ಕೂತಾಗ ಕುಳಿ ತುಸುವೇ ತುಸು ಬಿಗಿಯುತ್ತದೆ. ಒಳಗಡೆ ಆರನೆಯ ಹೊಲಿಗೆಯ ತುದಿ ಸುಮಾರು 1.4 ನ್ಯಾನೋಮೀಟರಿನಷ್ಟು ಪಕ್ಕಕ್ಕೆ ವಾಲಿ ಜಾಗ ಬಿಡುತ್ತದೆ. ಅಡ್ರಿನಲಿನ್ ಮಾಡುವ ಕೆಲಸ ಇಷ್ಟೇ, ಮುಂದಿನದಕ್ಕೂ ಅದಕ್ಕೂ ಸಂಬಂಧವಿಲ್ಲ. ಗ್ರಾಹಿ ಹೀಗೆ ಬಾಯಿ ಬಿಟ್ಟು ಒಳಗಿನ ಜೊತೆಗಾರನನ್ನು ಹಿಡಿದುಕೊಂಡಿರುವ ಗಳಿಗೆಯನ್ನೇ ಹರಳುಗಟ್ಟಿಸಿ, ಎಕ್ಸ್-ಕಿರಣ ಹಾಯಿಸಿ, ಅದರ ಚಿತ್ರವನ್ನು 2011ರಲ್ಲಿ ಪ್ರಕಟಿಸಿದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬ್ರಯಾನ್ ಕೋಬಿಲ್ಕಾ ಮತ್ತು ಸಂಗಡಿಗರು. ಮರುವರ್ಷ ಅವರಿಗೂ, ಈ ಗ್ರಾಹಿಗಳ ಬೆನ್ನು ಹತ್ತಿ ದಶಕಗಳನ್ನೇ ಕಳೆದ ಅವರ ಗುರು ರಾಬರ್ಟ್ ಲೆಫ್ಕೊವಿಟ್ಜ್ ಅವರಿಗೂ ರಸಾಯನಶಾಸ್ತ್ರದ ನೊಬೆಲ್ ಬಂತು.

ಮನುಷ್ಯರಲ್ಲಿ ಈ ಏಳು ಹೊಲಿಗೆಯ ಬಳಗದ ಗ್ರಾಹಿಗಳು ಸುಮಾರು 800 ಬಗೆಯವು. ಮಲ್ಲಿಗೆಯ ವಾಸನೆ ತಿಳಿಯುವುದೂ ಇವುಗಳಿಂದ, ಕಣ್ಣಿಗೆ ಬೆಳಕು ಕಾಣುವುದೂ ಇವುಗಳಿಂದ. ಔಷಧಿ ಅಂಗಡಿಯಲ್ಲಿ ಸಿಗುವ ಮದ್ದುಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಕೆಲಸ ಮಾಡುವುದೂ ಇವುಗಳ ಮೂಲಕವೇ.

ಜಿಡಿಪಿ ಬಿದ್ದು ಜಿಟಿಪಿ ಬಂತು

ಗ್ರಾಹಿ ಬಾಯಿ ಬಿಟ್ಟಿತು. ಆ ಬಾಯಿಗೆ ಬಂದು ಸಿಕ್ಕಿಕೊಳ್ಳುವುದು ಪೊರೆಯ ಒಳಮೈಗೆ ಅಂಟಿಕೊಂಡು ಓಡಾಡುವ ಜಿ-ಪ್ರೋಟೀನು. ಅದು ಮೂರು ತುಂಡುಗಳ ಕೂಟ: ಆಲ್ಫಾ, ಬೀಟಾ, ಗಾಮಾ. ಆಲ್ಫಾ ತನ್ನ ಕಂಕುಳಲ್ಲಿ ಜಿಡಿಪಿ ಎಂಬ ಸಣ್ಣ ಅಣುವನ್ನು ಅವಚಿಕೊಂಡಿರುತ್ತದೆ. (ಪೇಪರಿನ ವಾಣಿಜ್ಯ ಪುಟದ ಜಿಡಿಪಿ ಬೇರೆ, ಇದು ಗ್ವಾನೋಸಿನ್ ಡೈಫಾಸ್ಫೇಟ್.) ಗ್ರಾಹಿ ಹಿಡಿದು ಅಲುಗಿಸಿದಾಗ ಕಂಕುಳು ಸಡಿಲವಾಗಿ ಜಿಡಿಪಿ ಜಾರಿಬೀಳುತ್ತದೆ. ಖಾಲಿಯಾದ ಜಾಗಕ್ಕೆ ಜಿಟಿಪಿ ಬಂದು ಕೂರುತ್ತದೆ. ಅದರಲ್ಲಿ ಎರಡರ ಬದಲು ಮೂರು ಫಾಸ್ಫೇಟುಗಳಿವೆ, ವ್ಯತ್ಯಾಸ ಅಷ್ಟೇ. ಆದರೆ ಆ ಒಂದು ಹೆಚ್ಚಿನ ಫಾಸ್ಫೇಟಿಗೆ ಆಲ್ಫಾದ ಮೈಕಟ್ಟೇ ಬದಲಾಗಿ, ಅದು ಜೊತೆಗಾರರ ಕೈಬಿಟ್ಟು ಪೊರೆಯ ಗುಂಟ ಜಾರುತ್ತಾ ಹೋಗಿ ಅಡಿನೈಲಿಲ್ ಸೈಕ್ಲೇಸ್ ಎಂಬ ಕಿಣ್ವಕ್ಕೆ ತಗುಲಿಕೊಳ್ಳುತ್ತದೆ. ಈ ನಡುವೆ ಗ್ರಾಹಿ ಸುಮ್ಮನೆ ಕೂತಿರುವುದಿಲ್ಲ. ಅಡ್ರಿನಲಿನ್ ತನ್ನ ಕುಳಿಯಲ್ಲಿರುವಷ್ಟು ಹೊತ್ತೂ ಒಂದಾದಮೇಲೊಂದು ಜಿ-ಪ್ರೋಟೀನನ್ನು ಹಿಡಿದು ಅಲುಗಿಸಿ ಕಳಿಸುತ್ತಿರುತ್ತದೆ.

ಗ್ರಾಹಿಗೂ ಕಿಣ್ವಕ್ಕೂ ನಡುವೆ ಮೂರನೆಯವನೊಬ್ಬ ಇರಲೇಬೇಕು ಎಂದು 1970ರ ಹೊತ್ತಿಗೆ ವಾದಿಸಿದವರು ಅಮೆರಿಕದ ಮಾರ್ಟಿನ್ ರಾಡ್‌ಬೆಲ್. ಆ ಮೂರನೆಯವನನ್ನು ಜೀವಕೋಶದಿಂದ ಬೇರ್ಪಡಿಸಿ ತೋರಿಸಿದವರು ಆಲ್ಫ್ರೆಡ್ ಗಿಲ್ಮನ್. 1994ರ ವೈದ್ಯಕೀಯ ನೊಬೆಲ್ ಇಬ್ಬರಿಗೂ ಸಂದಿತು.

ಕುದಿಸಿದರೂ ಕೆಡದ ದೂತ

ಈಗ ಸ್ವಲ್ಪ ಹಿಂದಕ್ಕೆ, 1950ರ ದಶಕದ ಕ್ಲೀವ್‌ಲ್ಯಾಂಡ್ ನಗರಕ್ಕೆ ಹೋಗಬೇಕು. ನಿಮ್ಮನ್ನು ಅಟ್ಟಿಸಿಕೊಂಡು ಬಂದದ್ದು ನಾಯಿ. ನಿಮ್ಮ ಪ್ರಶ್ನೆಗೆ ಮೊದಲ ಉತ್ತರ ಸಿಕ್ಕಿದ್ದೂ ನಾಯಿಯ ಲಿವರಿನಲ್ಲಿಯೇ. ಅರ್ಲ್ ಸದರ್‌ಲ್ಯಾಂಡ್, ಥಿಯೊಡೋರ್ ರಾಲ್ ಮತ್ತವರ ಸಂಗಡಿಗರು ಲಿವರನ್ನು ಅರೆದು, ಆ ರಸಕ್ಕೆ ಅಡ್ರಿನಲಿನ್ ಹಾಕಿ ನೋಡಿದರು. ಲಿವರಿನ ಸಕ್ಕರೆ ದಾಸ್ತಾನನ್ನು ಒಡೆಯುವ ಕಿಣ್ವ ಎಚ್ಚರಗೊಂಡಿತು. ಅದೇ ರಸವನ್ನು ಯಂತ್ರದಲ್ಲಿ ಗಿರ್ರನೆ ತಿರುಗಿಸಿ, ತಳಕ್ಕಿಳಿದ ಪೊರೆಯ ಚೂರುಗಳನ್ನು ತೆಗೆದುಹಾಕಿ, ಉಳಿದ ತಿಳಿಗೆ ಅಡ್ರಿನಲಿನ್ ಹಾಕಿದರು. ಏನೂ ಆಗಲಿಲ್ಲ. ಕಿಣ್ವ ಆ ತಿಳಿಯಲ್ಲೇ ಇತ್ತು, ಅಡ್ರಿನಲಿನ್ ಕೂಡ ಇತ್ತು. ಆದರೂ ಒಂದರ ಮಾತು ಇನ್ನೊಂದಕ್ಕೆ ತಲುಪಲಿಲ್ಲ.

ಆಮೇಲೆ ಅವರು ಮಾಡಿದ ಪ್ರಯೋಗ ಯಾವ ಅಡುಗೆಮನೆಯಲ್ಲಾದರೂ ಅರ್ಥವಾಗುವಂಥದ್ದು. ಎತ್ತಿಟ್ಟಿದ್ದ ಪೊರೆಯ ಚೂರುಗಳಿಗೆ ಎಟಿಪಿ ಎಂಬ ಮೂರು ಫಾಸ್ಫೇಟಿನ ಅಣುವನ್ನು ಸೇರಿಸಿ ಅಡ್ರಿನಲಿನ್ ಕೊಟ್ಟರು. ಆಮೇಲೆ ಅದನ್ನು ಚೆನ್ನಾಗಿ ಕಾಯಿಸಿದರು. ಪ್ರೋಟೀನುಗಳೆಲ್ಲ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗಿ ಕೆಟ್ಟವು. ಉಳಿದ ನೀರನ್ನು ತೆಗೆದುಕೊಂಡು ಆ ಪೊರೆಯಿಲ್ಲದ ತಿಳಿಗೆ ಹಾಕಿದರೆ ಕಿಣ್ವ ತಕ್ಷಣ ಎಚ್ಚರಗೊಂಡಿತು! ಅಂದರೆ ಅಡ್ರಿನಲಿನ್ ಮುಟ್ಟಿದ ಪೊರೆ ಏನೋ ಒಂದು ಸಣ್ಣ ವಸ್ತುವನ್ನು ತಯಾರಿಸಿತ್ತು. ಬೆಂಕಿಗೂ ಕೆಡದ ಅದು ಖಂಡಿತ ಪ್ರೋಟೀನಾಗಿರಲಿಲ್ಲ. ಅದೇ ಸೈಕ್ಲಿಕ್ ಎಎಂಪಿ, ಎಟಿಪಿಯಿಂದ ಎರಡು ಫಾಸ್ಫೇಟು ಕಳೆದು ಉಳಿದದ್ದನ್ನು ಉಂಗುರದಂತೆ ಬಗ್ಗಿಸಿದ ಅಣು. ಅಡ್ರಿನಲಿನ್ ಮೊದಲ ದೂತ, ಇದು ಎರಡನೆಯ ದೂತ. ಸದರ್‌ಲ್ಯಾಂಡ್ ಅವರಿಗೆ 1971ರಲ್ಲಿ ನೊಬೆಲ್ ಬಂದದ್ದು ಇದಕ್ಕೆ. ಜಿ-ಪ್ರೋಟೀನಿನ ಆಲ್ಫಾ ಹೋಗಿ ತಗುಲಿಕೊಂಡ ಕಿಣ್ವ ಮಾಡುವ ಕೆಲಸವೇ ಈ ಉಂಗುರಗಳನ್ನು ರಾಶಿ ರಾಶಿ ತಯಾರಿಸಿ ಕೋಶದೊಳಗೆ ಬಿಡುವುದು.

ಫಾಸ್ಫೇಟಿನ ಮುದ್ರೆ

ಉಂಗುರಗಳು ಹೋಗಿ ಸೇರುವುದು ಪ್ರೋಟೀನ್ ಕೈನೇಸ್-ಎ ಎಂಬಲ್ಲಿಗೆ. ಅದರಲ್ಲಿ ನಾಲ್ಕು ತುಂಡು: ಎರಡು ಕೆಲಸಗಾರರು, ಎರಡು ಅವರನ್ನು ಅದುಮಿ ಹಿಡಿದ ಕಾವಲುಗಾರರು. ಒಬ್ಬೊಬ್ಬ ಕಾವಲುಗಾರನಿಗೆ ಎರಡೆರಡು ಉಂಗುರ ಸಿಕ್ಕಿದ ಮೇಲೆ ಹಿಡಿತ ಬಿಟ್ಟು, ಕೆಲಸಗಾರರು ಹೊರಬರುತ್ತಾರೆ. ಅವರ ಕೆಲಸ ಎಟಿಪಿಯಿಂದ ಒಂದು ಫಾಸ್ಫೇಟನ್ನು ಕಿತ್ತು ಬೇರೆ ಪ್ರೋಟೀನುಗಳ ಮೈಮೇಲೆ ಅಂಟಿಸುವುದು. ಕಚೇರಿಯಲ್ಲಿ ಕಾಗದಕ್ಕೆ ಮುದ್ರೆ ಬಿದ್ದ ಹಾಗೆ. ಆದರೆ ಈ ಮುದ್ರೆಗೆ ವಿದ್ಯುದಂಶವಿದೆ, ಋಣ ಚಾರ್ಜು. ಅದು ಬಿದ್ದ ಜಾಗದ ಸುತ್ತಲಿನ ಎಳೆಗಳು ಕೆಲವು ಹತ್ತಿರ ಸೆಳೆಯಲ್ಪಡುತ್ತವೆ, ಕೆಲವು ದೂರ ತಳ್ಳಲ್ಪಡುತ್ತವೆ. ಮತ್ತೆ ಆಕಾರ ಬದಲು, ಮತ್ತೆ ಸುದ್ದಿ ಮುಂದಕ್ಕೆ.

ಮೊದಲ ಮುದ್ರೆ ಫಾಸ್ಫೊರಿಲೇಸ್ ಕೈನೇಸ್ ಎಂಬುದಕ್ಕೆ. ಅದು ತಾನೇ ಮುದ್ರೆ ಒತ್ತುವ ಕಿಣ್ವವಾದ್ದರಿಂದ ಮುಂದೆ ಫಾಸ್ಫೊರಿಲೇಸಿಗೆ ಒತ್ತುತ್ತದೆ. ಎಂಟುನೂರಕ್ಕೂ ಹೆಚ್ಚು ಅಮೈನೋ ಆಮ್ಲಗಳ ಆ ಸರದಲ್ಲಿ ಮುದ್ರೆ ಬೀಳುವುದು 14ನೆಯದರ ಮೇಲೆ ಮಾತ್ರ. ಅಷ್ಟಕ್ಕೇ ಇಡೀ ಕಿಣ್ವ ಎಚ್ಚರಗೊಂಡು, ಗ್ಲೈಕೋಜನ್ ಎಂಬ ಕವಲುಕವಲಾದ ಸಕ್ಕರೆ ದಾಸ್ತಾನಿನ ತುದಿಗಳಿಂದ ಒಂದೊಂದೇ ಗ್ಲೂಕೋಸನ್ನು ಕೀಳತೊಡಗುತ್ತದೆ. ಲಿವರು ಅದನ್ನು ರಕ್ತಕ್ಕೆ ಬಿಟ್ಟು ಊರಿಗೆಲ್ಲ ಹಂಚುತ್ತದೆ. ಸ್ನಾಯು ತನ್ನದನ್ನು ತಾನೇ ಉರಿಸಿಕೊಂಡು ಓಡುತ್ತದೆ. ಇದೇ ಹೊತ್ತಿಗೆ ಗ್ಲೈಕೋಜನ್ ಕಟ್ಟುವ ಕಿಣ್ವದ ಮೇಲೂ ಮುದ್ರೆ ಬಿದ್ದಿರುತ್ತದೆ, ಆದರೆ ಅದಕ್ಕೆ ಆ ಮುದ್ರೆಯೇ ಬೀಗ. ಒಂದು ಕಡೆ ಕಣಜ ತೆರೆದು ಇನ್ನೊಂದು ಕಡೆ ತುಂಬುತ್ತಾ ಕೂರುವ ದಡ್ಡತನಕ್ಕೆ ಅವಕಾಶವಿಲ್ಲ.

ಫಾಸ್ಫೇಟು ಅಂಟಿಸಿ ಕಿತ್ತು ಪ್ರೋಟೀನನ್ನು ಎಬ್ಬಿಸಿ ಮಲಗಿಸಬಹುದು ಎಂದು ಕಂಡುಕೊಂಡವರು ಸಿಯಾಟಲ್‌ನ ಎಡ್ಮಂಡ್ ಫಿಶರ್ ಮತ್ತು ಎಡ್ವಿನ್ ಕ್ರೆಬ್ಸ್. ಅದಕ್ಕೆ ನೆರವಾದದ್ದು ಶೋಧಿಸುವ ಕಾಗದ. ಸ್ನಾಯುವಿನ ರಸವನ್ನು ಫಿಲ್ಟರ್ ಕಾಗದದಲ್ಲಿ ಸೋಸಿದರೆ ಕಿಣ್ವ ಎಚ್ಚರವಾಗಿ ಸಿಗುತ್ತಿತ್ತು, ಸೋಸದೆ ಯಂತ್ರದಲ್ಲಿ ತಿರುಗಿಸಿ ತೆಗೆದರೆ ನಿದ್ದೆಯಲ್ಲಿರುತ್ತಿತ್ತು. ಕಾರಣ ಹುಡುಕಿದರೆ ಕಾಗದದಲ್ಲಿದ್ದ ಚೂರು ಕ್ಯಾಲ್ಸಿಯಂ! ಅದು ಮುದ್ರೆ ಒತ್ತುವ ಕಿಣ್ವವನ್ನು ಕೆಣಕುತ್ತಿತ್ತು. 1950ರ ದಶಕದ ಆ ಕೆಲಸಕ್ಕೆ ನೊಬೆಲ್ ಬಂದಾಗ 1992 ಆಗಿತ್ತು. ಮನುಷ್ಯರಲ್ಲಿ ಹೀಗೆ ಮುದ್ರೆ ಒತ್ತುವ ಕಿಣ್ವಗಳು 500ಕ್ಕೂ ಹೆಚ್ಚು ಬಗೆಯವು ಎಂದು ಈಗ ಗೊತ್ತಾಗಿದೆ.

ಇಷ್ಟು ಮೆಟ್ಟಿಲು ಯಾಕೆ, ನೇರವಾಗಿ ಹೇಳಿದರಾಗದೆ ಎನ್ನಬಹುದು. ಒಂದೊಂದು ಮೆಟ್ಟಿಲಲ್ಲೂ ಸುದ್ದಿ ಹಿಗ್ಗುತ್ತದೆ. ಗ್ರಾಹಿಯೊಂದು ಹಲವು ಜಿ-ಪ್ರೋಟೀನುಗಳನ್ನು ಎಬ್ಬಿಸುತ್ತದೆ, ಸೈಕ್ಲೇಸ್ ನೂರಾರು ಉಂಗುರ ಮಾಡುತ್ತದೆ, ಕೈನೇಸ್ ಒಂದರ ಮೇಲೊಂದು ಮುದ್ರೆ ಒತ್ತುತ್ತದೆ. ಹೊರಗೆ ಬೆರಳೆಣಿಕೆಯ ಅಡ್ರಿನಲಿನ್ ಅಣು, ಒಳಗೆ ಲಕ್ಷಗಟ್ಟಲೆ ಗ್ಲೂಕೋಸ್. ಇನ್ನೊಂದು ಲಾಭವೆಂದರೆ ಒಂದೇ ಸುದ್ದಿಯನ್ನು ಒಬ್ಬೊಬ್ಬರು ತಮಗೆ ಬೇಕಾದಂತೆ ಕೇಳಿಸಿಕೊಳ್ಳಬಹುದು. ಅದೇ ಉಂಗುರ, ಅದೇ ಕೈನೇಸ್ ಹೃದಯದಲ್ಲಿ ಬಡಿತ ಏರಿಸುತ್ತವೆ, ಶ್ವಾಸನಾಳದ ಸ್ನಾಯುವನ್ನು ಸಡಿಲಿಸುತ್ತವೆ. ಉಬ್ಬಸದವರು ಸೇದುವ ಇನ್ಹೇಲರಿನ ಸಾಲ್ಬುಟಮಾಲ್ ಹೋಗಿ ಕೂರುವುದು ಬೀಟಾ-2ರ ಅದೇ ಕುಳಿಯಲ್ಲಿ.

ಇಳಿಸಿದವರು ಯಾರು?

ಈಗ ನೀವು ಸಣ್ಣ ಅನುಮಾನ ಎಂದು ಕೊನೆಗೆ ಸೇರಿಸಿದ ಪ್ರಶ್ನೆ. ನನ್ನನ್ನು ಕೇಳಿದರೆ ದೊಡ್ಡದು ಅದೇ. ಕೂಗಿ ಸುದ್ದಿ ಮುಟ್ಟಿಸುವುದು ಕಷ್ಟವಲ್ಲ. ಕೂಗಿದ್ದು ಮನೆಯೊಳಗೆ ಮಾರ್ದನಿಸುತ್ತಲೇ ಇರದಂತೆ ನೋಡಿಕೊಳ್ಳುವುದು ಕಷ್ಟ.

ನಾಯಿ ಹಿಂದೆಯೇ ಉಳಿದ ಮೇಲೆ ಗ್ರಂಥಿಗಳು ಸುಮ್ಮನಾದವು, ರಕ್ತದಲ್ಲಿದ್ದ ಅಡ್ರಿನಲಿನ್ ಕೆಲವೇ ನಿಮಿಷದಲ್ಲಿ ಖರ್ಚಾಯಿತು. ಆದರೆ ಅಷ್ಟರಲ್ಲಿ ಒಳಗೆ ಹರಡಿದ್ದ ಸುದ್ದಿಯನ್ನು ಅಳಿಸಬೇಕಲ್ಲ? ಅದಕ್ಕೆ ಪ್ರತಿ ಮೆಟ್ಟಿಲಲ್ಲೂ ಒಬ್ಬ ಅಳಿಸುವವನಿದ್ದಾನೆ. ಮುದ್ರೆಗಳನ್ನು ಕೀಳಲು ಫಾಸ್ಫಟೇಸ್ ಕಿಣ್ವಗಳು. ಉಂಗುರಗಳನ್ನು ಒಡೆಯಲು ಫಾಸ್ಫೊಡೈಎಸ್ಟರೇಸ್. ಗ್ರಾಹಿ ತುಂಬಾ ಹೊತ್ತು ಬಾಯಿ ಬಿಟ್ಟುಕೊಂಡೇ ಇದ್ದರೆ ಅದರ ಬಾಲಕ್ಕೂ ಫಾಸ್ಫೇಟು ಬೀಳುತ್ತದೆ, ಆಮೇಲೆ ಅರೆಸ್ಟಿನ್ ಎಂಬ ಪ್ರೋಟೀನು ಬಂದು ಬಾಯಿಗೆ ಬೆಣೆ ಹೊಡೆಯುತ್ತದೆ.

ಎಲ್ಲಕ್ಕಿಂತ ಜಾಣತನ ಜಿ-ಪ್ರೋಟೀನಿನದು. ಅದರ ಆಲ್ಫಾಗೆ ಯಾರೂ ಬಂದು ಸಾಕು ಎನ್ನಬೇಕಾಗಿಲ್ಲ. ತನ್ನ ಕಂಕುಳಲ್ಲಿರುವ ಜಿಟಿಪಿಯ ಮೂರನೆಯ ಫಾಸ್ಫೇಟನ್ನು ತಾನೇ ಕತ್ತರಿಸಿಹಾಕುವ ಕತ್ತರಿ ಅದರ ಮೈಯಲ್ಲೇ ಇದೆ. ಸ್ವಲ್ಪ ಹೊತ್ತಿಗೆ ಜಿಟಿಪಿ ಮತ್ತೆ ಜಿಡಿಪಿ ಆಗುತ್ತದೆ, ಆಲ್ಫಾ ಹಳೇ ಆಕಾರಕ್ಕೆ ಬಂದು ಬೀಟಾ-ಗಾಮಾ ಜೊತೆ ಸೇರಿಕೊಳ್ಳುತ್ತದೆ. ಸುದ್ದಿ ಒಯ್ಯುವವನೇ ಸುದ್ದಿಯ ಆಯಸ್ಸನ್ನೂ ಹೊತ್ತು ಹೊರಟಿರುತ್ತಾನೆ.

ಈ ಒಂದು ಕತ್ತರಿ ಮೊಂಡಾದರೆ ಏನಾದೀತು? ಕಾಲರಾ ಆಗುತ್ತದೆ.

ಕಾಲರಾ ರೋಗಾಣು ಒಂದು ವಿಷವನ್ನು ಸ್ರವಿಸುತ್ತದೆ ಎಂದು ಸಾಬೀತು ಮಾಡಿದವರು ಕೋಲ್ಕತ್ತದ ಶಂಭುನಾಥ ಡೇ. ಮೊಲದ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಕಟ್ಟಿ, ರೋಗಾಣುಗಳನ್ನು ಪೂರ್ತಿ ಸೋಸಿ ತೆಗೆದ ದ್ರವವನ್ನಷ್ಟೇ ಅದರೊಳಗೆ ಚುಚ್ಚಿದರೂ ಕರುಳು ನೀರು ತುಂಬಿಕೊಂಡು ಉಬ್ಬುತ್ತದೆ ಎಂದು ಅವರು 1959ರಲ್ಲಿ ತೋರಿಸಿದರು. ಆ ವಿಷ ಮಾಡುವ ಕೆಲಸ ಆಮೇಲೆ ತಿಳಿಯಿತು. ಅದು ಕರುಳಿನ ಕೋಶದೊಳಗೆ ನುಗ್ಗಿ ಜಿ-ಪ್ರೋಟೀನಿನ ಆಲ್ಫಾ ಮೇಲೆ, ಕತ್ತರಿಯ ಜಾಗದಲ್ಲಿ, ಒಂದು ತುಣುಕನ್ನು ಅಂಟಿಸಿಬಿಡುತ್ತದೆ. ಕತ್ತರಿ ಆಡುವುದಿಲ್ಲ, ಆಲ್ಫಾ ಸುಮ್ಮನಾಗುವುದಿಲ್ಲ. ಜಗಲಿಯಲ್ಲಿ ಯಾರೂ ಇಲ್ಲ, ಒಳಗೆ ಮಾತ್ರ ಒಂದೇ ಸಮನೆ ಕೂಗು. ಉಂಗುರಗಳು ಏರುತ್ತಲೇ ಹೋಗಿ ಕ್ಲೋರೈಡಿನ ಕಾಲುವೆಗಳು ತೆರೆದು, ಅದರ ಹಿಂದೆ ಸೋಡಿಯಂ, ಅದರ ಹಿಂದೆ ನೀರು ಕರುಳಿಗೆ ಸುರಿಯುತ್ತದೆ. ರೋಗ ಬಿಗಡಾಯಿಸಿದಾಗ ಗಂಟೆಗೆ ಒಂದು ಲೀಟರಿನವರೆಗೂ ನೀರು ಹೋಗಬಹುದು.

ಇದಕ್ಕೆ ಮದ್ದೂ ಇದೇ ಕಥೆಯೊಳಗಿದೆ. ಕರುಳಿನ ಕೋಶದಲ್ಲಿ ಗ್ಲೂಕೋಸನ್ನೂ ಸೋಡಿಯಂ ಅನ್ನೂ ಜೊತೆಗೂಡಿಸಿ ಒಳಗೆ ಎಳೆದುಕೊಳ್ಳುವ ಬೇರೊಂದು ಪ್ರೋಟೀನಿದೆ. ಕಾಲರಾ ವಿಷಕ್ಕೆ ಅದನ್ನು ಕೆಡಿಸಲು ಬಾರದು. ಹಾಗಾಗಿ ಉಪ್ಪು ಸಕ್ಕರೆ ಬೆರೆಸಿದ ನೀರು ಕುಡಿಸಿದರೆ, ಆ ಬಾಗಿಲಿನಿಂದ ಅವು ಒಳಹೋಗಿ ನೀರನ್ನೂ ಎಳೆದುಕೊಳ್ಳುತ್ತವೆ. 1971ರ ಬಾಂಗ್ಲಾ ಯುದ್ಧದ ಹೊತ್ತಿನಲ್ಲಿ ಬಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ರಕ್ತನಾಳಕ್ಕೆ ಕೊಡುವ ಸಲೈನ್ ಸಾಲದೇ ಹೋದಾಗ ವೈದ್ಯ ದಿಲೀಪ್ ಮಹಾಲನೋಬಿಸ್ ಇದನ್ನೇ ಕುಡಿಸಿ ಅಸಂಖ್ಯ ಜೀವ ಉಳಿಸಿದರು. ನಿಮ್ಮೂರಿನ ಮೆಡಿಕಲ್ ಅಂಗಡಿಯ ಓಆರ್‌ಎಸ್ ಪೊಟ್ಟಣವನ್ನು ತಿರುಗಿಸಿ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಮಾಡಿದ್ದಾದರೆ ಒಂದು ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಎಂದಿರುತ್ತದೆ. ಆ ಗ್ಲೂಕೋಸ್ ಬರೀ ಶಕ್ತಿಗಾಗಿ ಹಾಕಿದ್ದಲ್ಲ; ಅದಿಲ್ಲದೆ ಉಪ್ಪಿಗೆ ಆ ಬಾಗಿಲು ತೆರೆಯುವುದಿಲ್ಲ.

ಇದೇ ಕತ್ತರಿಯ ಇನ್ನೊಂದು ಕಥೆ ಕ್ಯಾನ್ಸರಿನದು. ಜಿ-ಪ್ರೋಟೀನಿನ ದೂರದ ನೆಂಟ ರಾಸ್ ಎಂಬ ಸಣ್ಣ ಪ್ರೋಟೀನು ‘ಬೆಳೆ, ಇಬ್ಭಾಗವಾಗು’ ಎನ್ನುವ ಸುದ್ದಿಯನ್ನು ಪೊರೆಯಿಂದ ಒಳಗೆ ದಾಟಿಸುತ್ತದೆ. ಅದೂ ಜಿಟಿಪಿ ಹಿಡಿದಾಗ ಎಚ್ಚರ, ಜಿಡಿಪಿ ಹಿಡಿದಾಗ ನಿದ್ದೆ. ಮೂತ್ರಕೋಶದ ಕ್ಯಾನ್ಸರಿನ ಜೀವಕೋಶಗಳ ರಾಸನ್ನು 1982ರಲ್ಲಿ ಸಾಮಾನ್ಯ ರಾಸ್ ಜೊತೆ ಹೋಲಿಸಿದಾಗ ಕಂಡ ವ್ಯತ್ಯಾಸ ಒಂದೇ: 12ನೆಯ ಅಮೈನೋ ಆಮ್ಲ ಗ್ಲೈಸೀನ್ ಇರಬೇಕಾದಲ್ಲಿ ವ್ಯಾಲೀನ್ ಇತ್ತು. ಅಷ್ಟಕ್ಕೆ ಕತ್ತರಿ ಮೊಂಡು, ಸುದ್ದಿ ಅಖಂಡ. ಮನುಷ್ಯರ ಕ್ಯಾನ್ಸರುಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ರಾಸ್ ಕೆಟ್ಟಿರುತ್ತದೆ. ಅದಕ್ಕೇ ನೇರವಾಗಿ ತಾಗುವ ಮದ್ದು ಬಳಕೆಗೆ ಒಪ್ಪಿಗೆ ಪಡೆಯಲು 2021ರವರೆಗೆ ಕಾಯಬೇಕಾಯಿತು. ಅದೂ ಅದೇ 12ನೆಯ ಜಾಗದ ಬೇರೊಂದು ಬದಲಾವಣೆಗೆ ಮಾತ್ರ.

ಹಾಗಾಗಿ ಮಗಳಿಗೆ ಹೇಳಿ: ನಿನ್ನ ಅಪ್ಪನನ್ನು ಓಡಿಸಿದ್ದು ಅಡ್ರಿನಲಿನ್ ಎನ್ನುವುದು ಸರಿ, ಆದರೆ ಅದು ಅರ್ಧ ಉತ್ತರ. ನೀವು ಮನೆಗೆ ಬಂದು, ಚಪ್ಪಲಿ ಬಿಟ್ಟು, ಮೆಟ್ಟಿಲ ಮೇಲೆ ಕೂತು ನೀರು ಕೇಳಿದ ಹೊತ್ತಿಗೆ ನಿಮ್ಮ ಎದೆಯಲ್ಲಿ, ತೊಡೆಯಲ್ಲಿ, ಲಿವರಿನಲ್ಲಿ ಕೋಟಿಗಟ್ಟಲೆ ಜೀವಕೋಶಗಳೊಳಗೆ ಒಂದೊಂದೇ ಫಾಸ್ಫೇಟು ಕಳಚಿ ಬೀಳುತ್ತಿತ್ತು.